ಫ್ಯಾಟ್ ಬೈಕ್ ರೇಸ್: 39 ಕಿ.ಮೀ.ಗೆ ಹೋಗಿ 26ಕ್ಕೇ ನಿಂತೆ. ಎಲ್ಲಿ ಎಡವಿದೆ?

ಸಕ್ಕರೆನಾಡು_ಸೈಕಲ್ · ಸೋಮವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಇಲ್ಲಿ ಎಲ್ಲರೂ ಬಿಆರ್‌ಎಂ (ಟೈಮಿನೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿ), ನಂದಿ ಬೆಟ್ಟ ಅಂತ ಬರೀತಾರೆ. ನಾನು ಹಿಮದ ಕಥೆ ತಂದಿದ್ದೇನೆ, ಬೇಜಾರು ಮಾಡ್ಕೋಬೇಡಿ.

ನಾನು ಮಂಡ್ಯದ ಕಡೆಯವನು. ಮೂರು ವರ್ಷದಿಂದ ಅಮೆರಿಕದ ಮಿನಿಯಾಪೊಲಿಸ್‌ನಲ್ಲಿದ್ದೇನೆ. ಬೆಂಗಳೂರಲ್ಲಿದ್ದಾಗ 200, 300, 400, 600 ಕಿ.ಮೀ. ಬಿಆರ್‌ಎಂ ನಾಲ್ಕನ್ನೂ ಒಂದೇ ವರ್ಷದಲ್ಲಿ ಮುಗಿಸಿದವನು. ಅದೇ ಧಿಮಾಕಿನಲ್ಲಿ ಇಲ್ಲಿ ಹಳೇ ಫ್ಯಾಟ್ ಬೈಕ್ ಒಂದನ್ನು ಕೊಂಡೆ. 4.6 ಇಂಚಿನ ಟೈರು, ನೋಡೋಕೆ ಎಮ್ಮೆ ಥರ. ಕಳೆದ ಶನಿವಾರ ಹತ್ತಿರದ ಒಂದು ಸಣ್ಣ ರೇಸ್‌ಗೆ ಹೋದೆ. 13 ಕಿ.ಮೀ.ನ ಮೂರು ಸುತ್ತು. 39 ಕಿ.ಮೀ. ಅಂದರೆ ನಮಗೆ ತಿಂಡಿಗೆ ಮುಂಚಿನ ಲೆಕ್ಕ ಅಲ್ವಾ?

ಹೊರಟಾಗ -20 ಡಿಗ್ರಿ ಇತ್ತು. ಚಳಿಗೆ ಹೆದರಿ ನಾಲ್ಕು ಪದರ ಬಟ್ಟೆ, ಮೇಲೊಂದು ದಪ್ಪ ಜಾಕೆಟ್ ಹಾಕಿದ್ದೆ. ಬೆಳಿಗ್ಗೆ ಮನೆಯಲ್ಲೇ ಎಲ್ಲ ರೆಡಿ ಮಾಡಿಕೊಂಡಿದ್ದೆ: ಚೈನಿಗೆ ಎಣ್ಣೆ, ಟೈರಿಗೆ ಸರಿಯಾಗಿ 8 ಪಿಎಸ್‌ಐ ಗಾಳಿ, ಜೇಬಿಗೆ ಎರಡು ಎನರ್ಜಿ ಬಾರ್. ಮೊದಲ ಸುತ್ತು ಪೂರ್ತಿ ಸೈಕಲ್ ಯಾಕೋ ಮುಂದಕ್ಕೇ ಹೋಗಲಿಲ್ಲ. ಕೆಸರು ಗದ್ದೆಯಲ್ಲಿ ತುಳಿದ ಹಾಗೆ. ಹಲ್ಲು ಕಚ್ಚಿ ತುಳಿದೆ. ಎರಡನೇ ಸುತ್ತು ಮುಗಿಯುವಾಗ ಬಾರ್ ತಿನ್ನೋಣ ಅಂದರೆ ಅದು ಇಟ್ಟಿಗೆ ಆಗಿತ್ತು. ಕುಡಿಯುವ ನೀರಿನ ನಳಿಗೆ ಹೆಪ್ಪುಗಟ್ಟಿತ್ತು. ಟೆಂಟ್‌ನಲ್ಲಿ ಸೂಪ್ ಕೊಡುತ್ತಿದ್ದರು, ಹತ್ತು ನಿಮಿಷ ಕೂತೆ. ಎದ್ದು ಹೊರಗೆ ಬಂದೆ ನೋಡಿ, ದವಡೆ ಕಟಕಟ ಅನ್ನೋಕೆ ಶುರು. ಹೆಲ್ಮೆಟ್‌ನ ಬಕಲ್ ಹಾಕೋಕೆ ಬೆರಳೇ ಬರಲಿಲ್ಲ.

ಅಲ್ಲಿದ್ದ ಸ್ವಯಂಸೇವಕಿ, ಸುಮಾರು 70 ವಯಸ್ಸಿನ ಅಜ್ಜಿ, ಹತ್ತಿರ ಬಂದು "ನಿನ್ನ ಹೆಸರಿನ ಸ್ಪೆಲ್ಲಿಂಗ್ ಹೇಳಪ್ಪ" ಅಂದರು. ಬುದ್ಧಿ ನೆಟ್ಟಗಿದೆಯಾ ಅಂತ ನೋಡೋಕೆ. ನನ್ನ ಪೂರ್ತಿ ಹೆಸರಿಗೆ ಇಂಗ್ಲಿಷಿನಲ್ಲಿ 19 ಅಕ್ಷರ. ಸರಿಯಾಗೇ ಹೇಳಿದೆ. ಅವರಿಗೆ ಸರಿಯೋ ತಪ್ಪೋ ಗೊತ್ತಾಗಲಿಲ್ಲ, ನನ್ನ ನಂಬರ್ ಚೀಟಿ ಕಿತ್ತುಕೊಂಡರು.

ಈಗ ಹೇಳಿ, ಕೈಗವಸು ಬದಲಿಸಬೇಕಾ? ಟೈರು 5 ಇಂಚಿನದು ಹಾಕಬೇಕಾ? ಎರಡು ವರ್ಷದಲ್ಲಿ ಆ್ಯರೋಹೆಡ್ 135 (ಹಿಮದಲ್ಲಿ 135 ಮೈಲಿಯ ರೇಸು) ಮಾಡಬೇಕು ಅನ್ನೋ ಆಸೆ ಇದೆ. ನಗಬೇಡಿ.

ಕರಾವಳಿ_ಕಾಗೆ · ಸೋಮವಾರ ರಾತ್ರಿ 9:52

ದುಡ್ಡು ಕೊಟ್ಟು ಇದನ್ನೆಲ್ಲ ಮಾಡುವುದಾ ಮಾರಾಯ? ಫ್ರೀಜರ್ ಒಳಗೆ ಕೂತು ಸೈಕಲ್ ತುಳಿದರೆ ಸಾಕಿತ್ತಲ್ಲ.

ಸಕ್ಕರೆನಾಡು_ಸೈಕಲ್ · ಸೋಮವಾರ ರಾತ್ರಿ 9:55

ಫ್ರೀಜರ್ -18 ಗುರು. ಅದರೊಳಗೆ ಹೋದರೆ ಸ್ವಲ್ಪ ಬೆಚ್ಚಗಾಗ್ತಿತ್ತು.

ಹೆಸರಘಟ್ಟ_ಹುಡುಗ · ಸೋಮವಾರ ರಾತ್ರಿ 10:10

ಬ್ರೋ ನನ್ನ ಹತ್ರಾನೂ ಫ್ಯಾಟ್ ಬೈಕ್ ಇದೆ, 26 ಇಂಟು 4. ನಾನು 30 ಪಿಎಸ್‌ಐ ಹಾಕ್ತೀನಿ. 8 ಅಂದ್ರೆ ಪಂಚರ್ ಆಗಿದೆ ಅಂತ ಅರ್ಥ. ಅದಕ್ಕೇ ನಿಮ್ಮ ಗಾಡಿ ಹೋಗಿಲ್ಲ.

ಉತ್ತರದ_ಗಾಳಿ · ಸೋಮವಾರ ರಾತ್ರಿ 10:31

ತಮ್ಮಾ ಹೆಸರಘಟ್ಟ, ಡಾಂಬರು ರಸ್ತೆ ಬೇರೆ, ಹಿಮ ಬೇರೆ. 30 ಹಾಕಿಕೊಂಡು ಹಿಮಕ್ಕೆ ಬಂದರೆ ಟೈರು ಚಾಕುವಿನ ಹಾಗೆ ಕೊಯ್ದುಕೊಂಡು ಒಳಗೆ ಇಳೀತದೆ. ಗಟ್ಟಿ ಹಾದಿಗೆ 8-10, ಸ್ವಲ್ಪ ಮೆತ್ತಗಿದ್ದರೆ 5-6, ಹೊಸ ಹಿಮಕ್ಕೆ 3-4ಕ್ಕೂ ಇಳಿಸ್ತೀವಿ. ಟೈರು ಹಿಮದ ಮೇಲೆ ತೇಲಬೇಕು, ಒಂಟೆ ಪಾದ ಇದ್ದಂಗ.

ಇನ್ನು ಸಕ್ಕರೆನಾಡು ಅವರಿಗೆ. ನಾನು ಹುಬ್ಬಳ್ಳಿಯವನು, ಹದಿನಾಲ್ಕು ವರ್ಷ ಆಯ್ತು ಡುಲುತ್‌ಗೆ ಬಂದು. ಆ್ಯರೋಹೆಡ್‌ಗೆ ಮೂರು ಸಲ ಹೋಗಿ ಒಂದು ಸಲ ಮುಗಿಸಿದವನು ಹೇಳ್ತೀನಿ ಕೇಳ್ರಿ. ನಿಮ್ಮ ಕೈಗವಸು ಸರಿ ಇದೆ, ಟೈರೂ ಸರಿ ಇದೆ. ನಿಮ್ಮನ್ನು ಕೆಡವಿದ್ದು ಬೆವರು.

ನಾಲ್ಕು ಪದರ, ಮೇಲೆ ಜಾಕೆಟ್! ರೀ, ಅದು ಬಸ್ ಸ್ಟ್ಯಾಂಡಿನಲ್ಲಿ ನಿಲ್ಲುವವನ ಬಟ್ಟೆ. ತುಳಿಯುವವನು ಹೊರಡುವಾಗ ಚಳಿಯಲ್ಲೇ ಹೊರಡಬೇಕು. ಮೊದಲ ಹತ್ತು ನಿಮಿಷ "ಅಯ್ಯೋ ಸತ್ತೆ" ಅನ್ನಿಸಬೇಕು. ಆಮೇಲೆ ಮೈ ತಾನೇ ಕಾಯ್ತದೆ. ನೀವು ಮೊದಲ ಸುತ್ತಿನಲ್ಲೇ ಒಳಂಗಿ ತೊಯ್ಸಿಕೊಂಡಿದ್ದೀರಿ. ತುಳಿಯುವಾಗ ಗೊತ್ತಾಗಲಿಲ್ಲ. ಹತ್ತು ನಿಮಿಷ ಕೂತಾಗ ಒಲೆ ಆರಿತು, ಒದ್ದೆ ಬಟ್ಟೆ ಮಾತ್ರ ಉಳೀತು. ನಿಂತಾಗ ಜಾಕೆಟ್ ಹಾಕಬೇಕು, ಹೊರಡುವಾಗ ತೆಗೀಬೇಕು. ನೀವು ಉಲ್ಟಾ ಮಾಡಿದ್ದೀರಿ.

ಸಕ್ಕರೆನಾಡು_ಸೈಕಲ್ · ಸೋಮವಾರ ರಾತ್ರಿ 10:40

ಟೆಂಟ್ ಒಳಗೆ ಬೆಚ್ಚಗಿದೆ ಅಂತ ಜಾಕೆಟ್ ತೆಗೆದು ಕುರ್ಚಿಗೆ ಹಾಕಿದ್ದೆ. ವಾಪಸ್ ಹಾಕ್ಕೊಳ್ಳೋವಾಗ ಒಳಗಿನ ಬಟ್ಟೆಯೆಲ್ಲ ತಣ್ಣಗೆ ಮೈಗೆ ಅಂಟ್ಕೊಂಡಿತ್ತು. ಹೌದು ಸಾರ್, ಈಗ ಅರ್ಥ ಆಗ್ತಿದೆ. ಆದರೂ ಗಾಡಿ ಯಾಕೆ ಹೋಗಲಿಲ್ಲ ಅನ್ನೋದು ಉಳೀತು. ನನಗಿಂತ ದಪ್ಪಗಿದ್ದವರು, ನನ್ನಪ್ಪನ ವಯಸ್ಸಿನವರು ಸರ್ರನೆ ಹೋದರು.

ಗ್ರೀಸ್_ಕೈ · ಸೋಮವಾರ ರಾತ್ರಿ 11:02

ಹಿಂದಿನ ಚಕ್ರದ ನಡುವಿನ ಹಬ್ ನೋಡಿದ್ರಾ? ನಾನು ಮೈಸೂರಲ್ಲಿ ಸೈಕಲ್ ರಿಪೇರಿ ಮಾಡೋನು, ಹಿಮ ಕಂಡವನಲ್ಲ. ಆದರೆ ಮನಾಲಿಯಿಂದ ಒಬ್ಬರು ಇದೇ ಕಂಪ್ಲೇಂಟ್ ತಂದಿದ್ದರು. ಹಬ್ ಒಳಗಿನ ಗ್ರೀಸ್ ಚಳಿಗೆ ಮೇಣ ಆಗುತ್ತೆ. ಆಗ ಒಳಗಿರೋ ಹಲ್ಲುಗಳು ಕಚ್ಚಲ್ಲ, ಪೆಡಲ್ ಗಿರಗಿರ ಸುಮ್ನೆ ತಿರುಗುತ್ತೆ. ಗ್ರೀಸ್ ಪೂರ್ತಿ ತೊಳೆದು ತೆಳ್ಳನೆ ಎಣ್ಣೆ ಹಾಕಬೇಕು.

ಉತ್ತರದ_ಗಾಳಿ · ಸೋಮವಾರ ರಾತ್ರಿ 11:15

ಇದು ಖರೇ ಮಾತು. ಆದರೆ ಅವರ ಪೆಡಲ್ ಖಾಲಿ ತಿರುಗಿಲ್ಲ, ಭಾರ ಆಗಿದೆ. ಹಬ್ ಕೈಕೊಟ್ಟರೆ ಒಂದು ಉಪಾಯ ಇದೆ: ಹಿಂದಿನ ಗಿಯರ್ ಚಕ್ರವನ್ನು ಜಿಪ್ ಟೈಯಿಂದ ಕಡ್ಡಿಗಳಿಗೆ ಬಿಗಿದು ಕಟ್ಟೋದು. ಆಮೇಲೆ ಪೆಡಲ್ ನಿಲ್ಲಿಸೋ ಹಾಗಿಲ್ಲ, ಸರ್ಕಸ್ ಸೈಕಲ್ ಥರ ತುಳೀತಾನೇ ಇರಬೇಕು. ಆದರೆ ಊರು ಸೇರ್ತೀರಿ. ನನ್ನ ಚೀಲದಲ್ಲಿ ಯಾವಾಗಲೂ ಆರು ಜಿಪ್ ಟೈ ಇರ್ತಾವ.

ಬ್ರೇಕೂ ಅಷ್ಟೇ. ಮಿನರಲ್ ಆಯಿಲ್ ತುಂಬಿದ ಹೈಡ್ರಾಲಿಕ್ ಬ್ರೇಕ್ ಜೋರು ಚಳಿಯಲ್ಲಿ ಜಡ ಆಗ್ತದೆ. ಅದಕ್ಕೇ ಸುಮಾರು ಜನ ಇನ್ನೂ ಕೇಬಲ್ ಬ್ರೇಕ್ ಬಿಟ್ಟಿಲ್ಲ.

ಮೇಷ್ಟ್ರು_ತುಮಕೂರು · ಮಂಗಳವಾರ ಬೆಳಿಗ್ಗೆ 6:20

ನಿವೃತ್ತ ಭೌತಶಾಸ್ತ್ರ ಮೇಷ್ಟ್ರು ನಾನು. ಸೈಕಲ್ ಬಗ್ಗೆ ಗೊತ್ತಿರೋದು ಶಾಲೆಗೆ ತುಳಿದುಕೊಂಡು ಹೋಗಿದ್ದಷ್ಟೇ. ಮಗ ಈ ವೇದಿಕೆ ತೋರಿಸಿದ. ಒಂದು ಮಾತು ಯಾರ ಕಣ್ಣಿಗೂ ಬೀಳದ್ದು ನನ್ನ ಕಣ್ಣಿಗೆ ಬಿತ್ತು.

> ಬೆಳಿಗ್ಗೆ ಮನೆಯಲ್ಲೇ ಎಲ್ಲ ರೆಡಿ ಮಾಡಿಕೊಂಡಿದ್ದೆ... ಟೈರಿಗೆ ಸರಿಯಾಗಿ 8 ಪಿಎಸ್‌ಐ

ಮನೆಯೊಳಗೆ ಎಷ್ಟು ಡಿಗ್ರಿ ಇತ್ತಪ್ಪ?

ಸಕ್ಕರೆನಾಡು_ಸೈಕಲ್ · ಮಂಗಳವಾರ ಬೆಳಿಗ್ಗೆ 6:24

ಹೀಟರ್ 20ಕ್ಕೆ ಇಟ್ಟಿರ್ತೀವಿ ಸಾರ್. ಆಮೇಲೆ ಸೈಕಲ್ ಕಾರಿನ ಹಿಂದೆ ಹೊರಗೆ ಕಟ್ಟಿ ಒಂದು ಗಂಟೆ ಡ್ರೈವ್.

ಐಟಿ_ಐನೂರು · ಮಂಗಳವಾರ ಬೆಳಿಗ್ಗೆ 6:50

ಓ, ಚಳಿಗೆ ಗಾಳಿ ಕುಗ್ಗುತ್ತೆ ಅಂತೀರಾ. 20 ಅಂದರೆ 293 ಕೆಲ್ವಿನ್, -20 ಅಂದರೆ 253. 8ನ್ನು 253ರಿಂದ ಗುಣಿಸಿ 293ರಿಂದ ಭಾಗಿಸಿದರೆ 6.9. ಒಂದು ಪಿಎಸ್‌ಐ ಹೋಯ್ತು ಅಷ್ಟೇ. ಇದೇನು ದೊಡ್ಡ ವಿಷಯ?

ಮೇಷ್ಟ್ರು_ತುಮಕೂರು · ಮಂಗಳವಾರ ಬೆಳಿಗ್ಗೆ 7:05

ನಲವತ್ತು ವರ್ಷ ಮಕ್ಕಳು ಇದೇ ತಪ್ಪು ಮಾಡೋದನ್ನು ನೋಡಿದ್ದೇನೆ. ಕೂತ್ಕೋ ಐನೂರು.

ಗೇಜ್ ತೋರಿಸೋ 8 ಪೂರ್ತಿ ಒತ್ತಡ ಅಲ್ಲ. ಹೊರಗಿನ ವಾತಾವರಣಕ್ಕಿಂತ ಎಷ್ಟು ಜಾಸ್ತಿ ಅನ್ನೋದು ಮಾತ್ರ. ವಾತಾವರಣದ್ದೇ 14.7 ಇದೆ. ಹಾಗಾಗಿ ಟೈರಿನೊಳಗಿನ ನಿಜವಾದ ಒತ್ತಡ 22.7. ಈಗ ನಿನ್ನ ಲೆಕ್ಕ ಮಾಡು. 22.7ನ್ನು 253ರಿಂದ ಗುಣಿಸಿ 293ರಿಂದ ಭಾಗಿಸು, 19.6. ಅದರಲ್ಲಿ 14.7 ಕಳೆ. ಉಳಿದದ್ದು 4.9.

ಅಂದರೆ ಎಂಟು ಹಾಕಿದ್ದೇನೆ ಅಂದುಕೊಂಡು ಈ ಹುಡುಗ ಐದರಲ್ಲಿ ತುಳಿದಿದ್ದಾನೆ. ರೋಡ್ ಸೈಕಲ್ಲಿನ 80 ಪಿಎಸ್‌ಐಗೆ ಇದೇ ಲೆಕ್ಕ ಹಾಕಿದರೆ 67 ಬರುತ್ತೆ, ಆರನೇ ಒಂದು ಭಾಗ ಹೋಯ್ತು ಅಷ್ಟೇ. ಎಂಟರಲ್ಲಿ ಮೂರು ಹೋದರೆ? ನಿಮ್ಮ ಈ ಎಮ್ಮೆ ಟೈರಿಗೆ ಗಾಳಿ ಕಡಿಮೆ ಇರೋದರಿಂದಲೇ ಚಳಿಯ ಹೊಡೆತ ಜಾಸ್ತಿ.

ಐಟಿ_ಐನೂರು · ಮಂಗಳವಾರ ಬೆಳಿಗ್ಗೆ 7:09

ಕೂತೆ ಸಾರ್.

ಸಕ್ಕರೆನಾಡು_ಸೈಕಲ್ · ಮಂಗಳವಾರ ಬೆಳಿಗ್ಗೆ 7:12

ಸಾರ್!!! ಅವತ್ತು ಹಾದಿ ಸಿಮೆಂಟಿನ ಹಾಗೆ ಗಟ್ಟಿ ಇತ್ತು. ಅಂಗಡಿಯವರು "8 ಹಾಕು" ಅಂದಿದ್ದರು. ಎಲ್ಲಿ ನಿಂತು ಹಾಕು ಅಂತ ಹೇಳಿರಲಿಲ್ಲ.

ಉತ್ತರದ_ಗಾಳಿ · ಮಂಗಳವಾರ ಬೆಳಿಗ್ಗೆ 7:40

ಮೇಷ್ಟ್ರಿಗೆ ಶರಣು. ನಾವು ಅಭ್ಯಾಸಬಲದಿಂದ ಪಂಪ್ ಹೊರಗೇ ಇಟ್ಟು, ಸೈಕಲ್ಲನ್ನು ಅರ್ಧ ಗಂಟೆ ಚಳಿಗೆ ಬಿಟ್ಟು ಆಮೇಲೆ ಗಾಳಿ ನೋಡ್ತೀವಿ. ಯಾಕೆ ಅಂತ ಲೆಕ್ಕ ಯಾವತ್ತೂ ಹಾಕಿರಲಿಲ್ಲ.

ಆದರೂ ನಾನು ಪೂರ್ತಿ ಒಪ್ಪೋದಿಲ್ಲ. 5ರಲ್ಲೂ ಗಾಡಿ ಹೋಗ್ತದೆ, ನಿಧಾನ ಆಗ್ತದೆ ಅಷ್ಟೇ. ನಿಧಾನ ಹೋದವನು ಮುಗಿಸಬಹುದಿತ್ತು. ಇವರು ಆ ನಿಧಾನವನ್ನು ಕಾಲಿನ ಬಲದಿಂದ ಮುಚ್ಚೋಕೆ ಹೋಗಿ ಬೆವರು ಸುರಿಸಿದರು. ಕೊನೆಗೆ ಕೆಡವಿದ್ದು ಬೆವರೇ.

ಮೇಷ್ಟ್ರು_ತುಮಕೂರು · ಮಂಗಳವಾರ ಬೆಳಿಗ್ಗೆ 7:48

ಬೆವರು ಯಾಕೆ ಬಂತು? ಗಾಳಿ ಇಳಿದಿದ್ದಕ್ಕೆ.

ಉತ್ತರದ_ಗಾಳಿ · ಮಂಗಳವಾರ ಬೆಳಿಗ್ಗೆ 7:51

ಗಾಳಿ ಇಳಿದರೂ ಜಾಕೆಟ್ ಬಿಚ್ಚಿದ್ದರೆ ಬೆವರು ಬರ್ತಿರಲಿಲ್ಲ ಸಾರ್.

ಕರಾವಳಿ_ಕಾಗೆ · ಮಂಗಳವಾರ ಬೆಳಿಗ್ಗೆ 7:53

ಮನೆಯಲ್ಲಿ ಮಲಗಿದ್ದರೆ ಎರಡೂ ಆಗುತ್ತಿರಲಿಲ್ಲ.

ಬಿಳಿಹಾದಿ · ಮಂಗಳವಾರ ಬೆಳಿಗ್ಗೆ 9:15

ನಾನು ವಿಸ್ಕಾನ್ಸಿನ್‌ನಲ್ಲಿ ಸ್ಕೀ ಮಾಡುವವಳು. ನಿಮ್ಮ ಹಬ್ಬದಲ್ಲಿ ಒಂದು ಕಲ್ಲು ಹಾಕುತ್ತೇನೆ, ಕ್ಷಮಿಸಿ. ರಾತ್ರಿಯೆಲ್ಲ ಯಂತ್ರ ಓಡಿಸಿ ನಮಗೆ ಜೋಡಿ ಗೀರಿನ ಹಾದಿ ಮಾಡಿರುತ್ತಾರೆ. ಬೆಳಿಗ್ಗೆ ನೋಡಿದರೆ ಅದರ ಮಧ್ಯೆ ಒಂದು ಫ್ಯಾಟ್ ಬೈಕ್ ಅಂಕುಡೊಂಕಾಗಿ ಹೋಗಿರುತ್ತದೆ. ಮಧ್ಯಾಹ್ನ ಬಿಸಿಲಿಗೆ ಹಿಮ ಮೆತ್ತಗಾದಾಗಲೂ ಬರುತ್ತಾರೆ. ಆ ಗುಂಡಿ ರಾತ್ರಿ ಗಡ್ಡೆ ಕಟ್ಟಿ ಮಾರನೇ ದಿನ ನಮ್ಮ ಮೊಣಕಾಲು ಮುರಿಯುತ್ತದೆ.

ಉತ್ತರದ_ಗಾಳಿ · ಮಂಗಳವಾರ ಬೆಳಿಗ್ಗೆ 9:40

ತಪ್ಪು ನಮ್ಮವರದ್ದೇ ಮೇಡಂ. ನಮ್ಮಲ್ಲಿ ಒಂದು ಮಾತಿದೆ: ಹಿಂದೆ ತಿರುಗಿ ನೋಡು, ನಿನ್ನ ಟೈರಿನ ಗುರುತು ಒಂದು ಇಂಚಿಗಿಂತ ಆಳ ಇದ್ದರೆ ಇಳಿದು ಮನೆಗೆ ಹೋಗು. ಸ್ಕೀ ಮಾಡುವವರಿಗೆ ದಾರಿ ಬಿಡಬೇಕು. ಕೆಲವು ರೇಸ್‌ಗಳಲ್ಲಿ ಟೈರು ಇಷ್ಟು ಅಗಲ ಇರಲೇಬೇಕು ಅಂತ ನಿಯಮ ಇರೋದೂ ಹಾದಿ ಹಾಳಾಗದಿರಲಿ ಅಂತಲೇ.

ಎಲ್ಲ ಹಾದಿಯಲ್ಲೂ ಜಗಳ ಇಲ್ಲ ಅನ್ನಿ. ನಿಮ್ಮ ವಿಸ್ಕಾನ್ಸಿನ್‌ನ ಬರ್ಕಬೈನರ್ ಸ್ಕೀ ರೇಸಿನ ಹಾದಿಯಲ್ಲೇ ಮಾರ್ಚ್‌ನಲ್ಲಿ ಫ್ಯಾಟ್ ಬೈಕ್ ಬರ್ಕಿ ಅನ್ನೋ ಸೈಕಲ್ ರೇಸು ನಡೀತದಲ್ಲ.

ಬಿಳಿಹಾದಿ · ಮಂಗಳವಾರ ಬೆಳಿಗ್ಗೆ 9:58

ನಡೆಯುತ್ತದೆ, ಹಿಮ ಇದ್ದರೆ. 2024ರಲ್ಲಿ ಸ್ಕೀ ರೇಸನ್ನೇ ಯಂತ್ರದಿಂದ ಮಾಡಿದ ಹಿಮದ 10 ಕಿ.ಮೀ. ಸುತ್ತಿನಲ್ಲಿ ಮಾಡಿದರು. ಊರಿಂದೂರಿಗೆ 50 ಕಿ.ಮೀ. ಹೋಗಬೇಕಾದ ನಾವು ಗಾಣದ ಎತ್ತಿನ ಹಾಗೆ ಸುತ್ತಿದೆವು. ಪಕ್ಕದಲ್ಲಿ ಒಣಹುಲ್ಲು. ನಾವು ನೀವು ಜಗಳ ಆಡೋಕೂ ಹಿಮ ಬೇಕಲ್ಲ.

ಹೆಸರಘಟ್ಟ_ಹುಡುಗ · ಮಂಗಳವಾರ ಮಧ್ಯಾಹ್ನ 1:20

ಈ ಫ್ಯಾಟ್ ಬೈಕ್ ಹಿಮಕ್ಕೆ ಅಂತಾನೇ ಬಂದಿದ್ದಾ? ನಾನು ಬೀಚ್ ಗಾಡಿ ಅಂದ್ಕೊಂಡಿದ್ದೆ. ಗೋಕರ್ಣಕ್ಕೆ ತಗೊಂಡು ಹೋಗಿದ್ದೆ, ಸೂಪರ್ ಆಗಿ ಹೋಗುತ್ತೆ. ಆಮೇಲೆ ಚೈನ್ ತುಕ್ಕು.

ಗ್ರೀಸ್_ಕೈ · ಮಂಗಳವಾರ ಮಧ್ಯಾಹ್ನ 1:45

ಎರಡೂ ಸರಿ. ಅಲಾಸ್ಕಾದಲ್ಲಿ 1987ರಲ್ಲಿ ಇಡಿಟಾಬೈಕ್ ಅಂತ ರೇಸ್ ಶುರುವಾಯ್ತು, ನಾಯಿ ಗಾಡಿಗಳು ಹೋಗೋ ಇಡಿಟರಾಡ್ ಹಾದಿಯಲ್ಲಿ. ಆಗ ದಪ್ಪ ಟೈರೇ ಇರಲಿಲ್ಲ. ಮಾಮೂಲಿ ಮೌಂಟನ್ ಬೈಕು, ಅರ್ಧ ದಾರಿ ತಳ್ಳೋದು. ಎರಡು ರಿಮ್ ಅಕ್ಕಪಕ್ಕ ಬೆಸೆದು ಅಗಲ ಮಾಡ್ಕೊಂಡರು. ಫೇರ್‌ಬ್ಯಾಂಕ್ಸ್‌ನಲ್ಲಿ ಸೈಮನ್ ರಾಕೋವರ್ ಅನ್ನೋರು ಅಗಲದ ರಿಮ್ಮೇ ಮಾಡಿದರು, ಸ್ನೋಕ್ಯಾಟ್ ಅಂತ. ಅತ್ತ ನ್ಯೂ ಮೆಕ್ಸಿಕೋದ ಮರಳಿಗೆ ರೇ ಮೊಲಿನಾ ಅನ್ನೋರು ಇನ್ನೂ ಅಗಲದ ರಿಮ್, ಟೈರು ಮಾಡ್ತಿದ್ದರು. 2005ರಲ್ಲಿ ಸರ್ಲಿ ಕಂಪನಿ ಪಗ್ಸ್‌ಲಿ ಅನ್ನೋ ಗಾಡಿ ತಂದ ಮೇಲೆ ಅಂಗಡಿಯಲ್ಲಿ ಸಿಗೋ ಹಾಗಾಯ್ತು.

ನಿನ್ನ ಗಾಡಿ ಆ ವಂಶದ್ದೇ, ಆದರೆ ದೂರದ ನೆಂಟ. 20 ಕೆಜಿ ಕಬ್ಬಿಣ. ಗೋಕರ್ಣದಿಂದ ಬಂದ ಮೇಲೆ ಸಿಹಿ ನೀರಲ್ಲಿ ತೊಳೆದೆಯಾ?

ಹೆಸರಘಟ್ಟ_ಹುಡುಗ · ಮಂಗಳವಾರ ಮಧ್ಯಾಹ್ನ 1:47

ಇಲ್ಲ

ಗ್ರೀಸ್_ಕೈ · ಮಂಗಳವಾರ ಮಧ್ಯಾಹ್ನ 1:48

ಗೊತ್ತಾಯ್ತು.

ವಿನ್ನಿಪೆಗ್_ವೈದ್ಯೆ · ಮಂಗಳವಾರ ಸಂಜೆ 5:30

ಆ ಅಜ್ಜಿಗೆ ನನ್ನ ಕಡೆಯಿಂದ ನಮಸ್ಕಾರ ಹೇಳಿ. ನಡುಕ, ಬೆರಳು ಮಾತು ಕೇಳದಿರುವುದು, ತೊದಲು, ಎಡವುವುದು ಎಲ್ಲ ಮೈ ತಣ್ಣಗಾಗುತ್ತಿರುವ ಗುರುತು. ಇದಕ್ಕಿಂತ ಕೆಟ್ಟದ್ದು ನಡುಕ ತಾನಾಗಿ ನಿಂತುಹೋಗುವುದು. ಆಗ ರೋಗಿಗೆ "ಈಗ ಆರಾಮಾಗಿದೆ" ಅನ್ನಿಸುತ್ತದೆ. ಅಂಥವರನ್ನು ನಂಬಬೇಡಿ.

ಎರಡು ವಿಷಯ. ಬೆರಳ ತುದಿ ಬೆಳ್ಳಗೆ, ಮೇಣದ ಹಾಗೆ ಆಗಿದ್ದರೆ ಉಜ್ಜಬೇಡಿ. ಹಿಮದಿಂದಂತೂ ಉಜ್ಜಲೇಬೇಡಿ, ಅದು ಹಳೇ ಕಾಲದ ತಪ್ಪು ಮದ್ದು. 37ರಿಂದ 39 ಡಿಗ್ರಿಯ ಉಗುರುಬೆಚ್ಚಗಿನ ನೀರಲ್ಲಿ ಮುಳುಗಿಸಿ. ಆದರೆ ಮತ್ತೆ ಚಳಿಗೆ ಹೋಗಿ ಹೆಪ್ಪುಗಟ್ಟುವ ಹಾಗಿದ್ದರೆ ಕರಗಿಸಲೇಬೇಡಿ. ಕರಗಿ ಮತ್ತೆ ಹೆಪ್ಪುಗಟ್ಟಿದರೆ ಬೆರಳು ಉಳಿಯುವುದು ಕಷ್ಟ.

ಎರಡನೆಯದು, ಗಾಳಿ ಬೀಸದಿದ್ದರೂ ಸೈಕಲ್ಲಿನವರು ತಮ್ಮ ಗಾಳಿ ತಾವೇ ಮಾಡಿಕೊಳ್ಳುತ್ತೀರಿ. -20ರಲ್ಲಿ ಗಂಟೆಗೆ 20 ಕಿ.ಮೀ. ಗಾಳಿ ಅಂದರೆ ಮುಖಕ್ಕೆ -30ರ ಲೆಕ್ಕ. ಇಳಿಜಾರು ಬರುವ ಮುಂಚೆಯೇ ಕತ್ತು, ಕೆನ್ನೆ ಮುಚ್ಚಿಕೊಳ್ಳಿ. ಇಳಿದ ಮೇಲಲ್ಲ.

ಸಕ್ಕರೆನಾಡು_ಸೈಕಲ್ · ಮಂಗಳವಾರ ಸಂಜೆ 5:44

ಧನ್ಯವಾದ ಮೇಡಂ. ಬೆರಳು ಸರಿ ಇದೆ, ತೋರುಬೆರಳ ತುದಿ ಮಾತ್ರ ಇನ್ನೂ ಜುಮ್ ಅನ್ನುತ್ತೆ. ಹ್ಯಾಂಡಲ್‌ಗೆ ಪೋಗಿ ಹಾಕಬೇಕು ಅಂತ ಅಲ್ಲಿ ಒಬ್ಬರು ಹೇಳಿದರು. ನಾನು ರೈಲು ಬೋಗಿ ಅಂದ್ಕೊಂಡು ಸುಮ್ನೆ ತಲೆ ಆಡಿಸಿದೆ.

ಉತ್ತರದ_ಗಾಳಿ · ಮಂಗಳವಾರ ಸಂಜೆ 6:05

😄 ಪೋಗಿ ಅಂದರೆ ಹ್ಯಾಂಡಲ್ ತುದಿಗೆ ತೊಡಿಸೋ ದೊಡ್ಡ ಚೀಲ. ಬ್ರೇಕ್, ಗಿಯರ್ ಎಲ್ಲ ಅದರೊಳಗೇ. ಕೈ ಒಳಗೆ ತೂರಿಸಿದರೆ -30ರಲ್ಲೂ ತೆಳ್ಳನೆ ಗವಸು ಸಾಕು. ತಿಂಡಿಯೂ ಅದರೊಳಗೇ ಇಡ್ತೀನಿ, ಕೈ ಬಿಸಿಗೆ ಮೆತ್ತಗಿರ್ತದೆ. ಇದೊಂದು ತಗೊಳ್ರಿ, ಬೇರೆ ಯಾವುದೂ ಬೇಡ.

ನೀರಿಗೆ: ಚೀಲವನ್ನು ಜಾಕೆಟ್ ಒಳಗೆ ಬೆನ್ನಿಗೆ ಹಾಕಿಕೊಳ್ಳಿ. ಕುಡಿದ ಮೇಲೆ ನಳಿಗೆಯೊಳಗೆ ಊದಿ, ನೀರು ವಾಪಸ್ ಚೀಲಕ್ಕೆ ಹೋಗಬೇಕು. ನಳಿಗೆ ಖಾಲಿ ಇದ್ದರೆ ಹೆಪ್ಪುಗಟ್ಟೋದು ಏನು?

ಅಜ್ಜಿಮನೆ_ಅಡುಗೆ · ಮಂಗಳವಾರ ಸಂಜೆ 7:10

ತಿಂಡಿ ಮಾತು ಬಂತು, ನಾನು ಬಂದೆ. ಆ ಎನರ್ಜಿ ಬಾರ್ ಯಾಕೆ? ಚಿಕ್ಕಿ ತಗೊಂಡು ಹೋಗಬಾರದಾ?

ಉತ್ತರದ_ಗಾಳಿ · ಮಂಗಳವಾರ ಸಂಜೆ 7:22

ಅಕ್ಕಾ, ಚಿಕ್ಕಿ ಒಯ್ದು ಹಲ್ಲಿನ ಡಾಕ್ಟರಿಗೆ ದುಡ್ಡು ಕೊಟ್ಟವನು ನಾನು. ಬೆಲ್ಲದ ಪಾಕ -25ರಲ್ಲಿ ಗಾಜು. ರವೆ ಉಂಡೆ ಗೋಲಿ ಆಗ್ತದೆ, ತುಪ್ಪ ಹೆಪ್ಪುಗಟ್ಟಿ. ಪುಳಿಯೋಗರೆ ಒಯ್ದಿದ್ದೆ ಒಂದು ಸಲ, ಒಂದೊಂದು ಅನ್ನದ ಅಗುಳೂ ಬಿಡಿಬಿಡಿ ಮಣಿ. ಗೆದ್ದಿದ್ದು ಯಾವುದು ಹೇಳ್ಲಾ? ಕೋಡುಬಳೆ. ನೀರಿನಂಶವೇ ಇಲ್ಲವಲ್ಲ, ಏನು ಹೆಪ್ಪುಗಟ್ಟುತ್ತದೆ? ಚಕ್ಕುಲಿಯೂ ನಡೀತದೆ, ಆದರೆ ಚೀಲದಲ್ಲಿ ಪುಡಿ. ಹುರಿದ ಶೇಂಗಾ ಯಾವತ್ತೂ ಕೈಬಿಡೋದಿಲ್ಲ.

ಆ್ಯರೋಹೆಡ್‌ನಲ್ಲಿ ಒಂದು ನಿಯಮ ಇದೆ. ಮುಗಿಸಿ ಬಂದಾಗ ನಿಮ್ಮ ಚೀಲದಲ್ಲಿ ಇನ್ನೂ 3000 ಕ್ಯಾಲೊರಿ ಊಟ ಉಳಿದಿರಬೇಕು. ಆಪತ್ಕಾಲಕ್ಕೆ. ಹೆಚ್ಚಿನವರು ಪೀನಟ್ ಬಟರ್ ಡಬ್ಬಿ ಹೊರ್ತಾರೆ. ನಾನು ಅರ್ಧ ಕಿಲೋಗಿಂತ ಚೂರು ಜಾಸ್ತಿ ಹುರಿದ ಶೇಂಗಾ ಹೊತ್ತೆ, ಲೆಕ್ಕ ಸರಿಹೋಯ್ತು. ಹಸಿವಿನಲ್ಲಿ ಸಾಯ್ತಾ ಅದನ್ನು ಮುಟ್ಟದೇ ಬರೋದೇ ದೊಡ್ಡ ತಪಸ್ಸು.

ಅಜ್ಜಿಮನೆ_ಅಡುಗೆ · ಮಂಗಳವಾರ ಸಂಜೆ 7:30

ಕೋಡುಬಳೆಗೆ ಬಿಸಿ ಎಣ್ಣೆ ಜಾಸ್ತಿ ಹಾಕಿ ಕಲಸಿ, ಚಳಿಗೆ ಗರಿಗರಿ ಉಳಿಯುತ್ತೆ. ಖಾರ ಮುಂದಿರಲಿ.

ನಿರ್ವಾಹಕ · ಮಂಗಳವಾರ ಸಂಜೆ 7:41

ಅಡುಗೆಗೆ ಬೇರೆ ವಿಭಾಗ ಇದೆ ದಯವಿಟ್ಟು. (ಕೋಡುಬಳೆ ಅಳತೆ ಅಲ್ಲಿ ಹಾಕಿ, ನನಗೂ ಬೇಕು.)

ಐಟಿ_ಐನೂರು · ಮಂಗಳವಾರ ರಾತ್ರಿ 8:15

ಉತ್ತರದ ಗಾಳಿ ಸಾರ್, ಆ್ಯರೋಹೆಡ್ ಹೇಗಿರುತ್ತೆ ಸ್ವಲ್ಪ ಬಿಡಿಸಿ ಹೇಳಿ. ಮೂರು ಸಲ ಹೋಗಿ ಒಂದೇ ಸಲ ಮುಗಿಸಿದ್ದು ಯಾಕೆ?

ಉತ್ತರದ_ಗಾಳಿ · ಮಂಗಳವಾರ ರಾತ್ರಿ 9:50

135 ಮೈಲಿ, ಅಂದರೆ 217 ಕಿ.ಮೀ. 2005ರಿಂದ ನಡೀತಿದೆ. ಜನವರಿ ಕೊನೆಯಲ್ಲಿ, ಕೆನಡಾ ಗಡಿಯ ಇಂಟರ್‌ನ್ಯಾಷನಲ್ ಫಾಲ್ಸ್ ಊರಿಂದ ಟವರ್ ಊರಿನ ಹತ್ತಿರಕ್ಕೆ. ಚಳಿಗೆ ಹೆಸರಾದ ಊರು ಅದು, ಅಮೆರಿಕದ ಐಸ್ ಪೆಟ್ಟಿಗೆ ಅಂತಲೇ ಕರೀತಾರೆ. ಸೈಕಲ್, ಸ್ಕೀ, ನಡಿಗೆ, ಮೂರರಲ್ಲಿ ಯಾವುದಾದರೂ ಆಯ್ದುಕೊಳ್ಳಿ. 60 ಗಂಟೆ ಟೈಮು. ದಾರಿಯಲ್ಲಿ ನಿಲ್ಲೋಕೆ ಮೂರೇ ಜಾಗ. -29 ತಡೆಯೋ ಮಲಗುವ ಚೀಲ, ಒಲೆ, ಇಂಧನ, ಬೆಂಕಿ ಹಚ್ಚೋ ಸಾಮಾನು, ಸೀಟಿ ಎಲ್ಲ ಹೊರಲೇಬೇಕು. ಚೆಕ್ ಮಾಡ್ತಾರೆ.

600 ಬಿಆರ್‌ಎಂ ಮಾಡಿದವರಿಗೆ 217 ಏನು ಅನ್ನಿಸ್ತದೆ. ನನಗೂ ಅನ್ನಿಸಿತ್ತು. ಮೊದಲ ವರ್ಷ ರೇಸಿನ ಹಿಂದಿನ ರಾತ್ರಿ ಒಂದು ಗೇಣು ಹೊಸ ಹಿಮ ಬಿತ್ತು. ಸೈಕಲ್ ಏರಿದರೆ ನೂರಡಿ ಹೋಗಿ ಬೀಳೋದು. ಇಳಿದು ತಳ್ಳಿದೆ. ಗಂಟೆಗೆ ನಾಲ್ಕು ಕಿ.ಮೀ. ತಳ್ಳೋಕೆ ಅಂತ ನಾನು ತಯಾರಾಗಿರಲಿಲ್ಲ, ಬೂಟೂ ಅದಕ್ಕಲ್ಲ. ಎರಡನೇ ಜಾಗ ಮೆಲ್‌ಜಾರ್ಜಸ್ ಅಂತ, ಕೆರೆ ದಂಡೆಯ ರೆಸಾರ್ಟು, ಸುಮಾರು ಅರ್ಧ ದಾರಿ. ಅಲ್ಲಿ ಒಳಗೆ ಕಾಲಿಟ್ಟೆ, ಬೆಂಕಿ ಇತ್ತು, ಹಾಸಿಗೆ ಇತ್ತು. ಮತ್ತೆ ಹೊರಗೆ ಬರಲಿಲ್ಲ. ಎಷ್ಟೋ ಜನರ ರೇಸು ಆ ಬಾಗಿಲಲ್ಲೇ ಮುಗೀತದೆ.

ಎರಡನೇ ಸಲ ಕಾಲ್ಬೆರಳು. ಅದು ಬಿಡಿ.

ಮೂರನೇ ಸಲ ಹಾದಿ ಗಟ್ಟಿ, ರಾತ್ರಿ -33. ಮೆಲ್‌ಜಾರ್ಜಸ್‌ನಲ್ಲಿ ನಿಂತುಕೊಂಡೇ ಸೂಪ್ ಕುಡಿದು ಹದಿನೈದು ನಿಮಿಷಕ್ಕೆ ಹೊರಬಿದ್ದೆ. ರಾತ್ರಿ ಎರಡರ ಹೊತ್ತಿಗೆ ಕಾಡಿನಲ್ಲಿ ಒಂದು ಶಬ್ದ, ಗುಂಡು ಹೊಡೆದ ಹಾಗೆ ಠಳ್ ಅಂತ. ಮರ ಸೀಳಿದ್ದು. ಜೋರು ಚಳಿಗೆ ಮರದೊಳಗಿನ ರಸ ಹೆಪ್ಪುಗಟ್ಟಿ ಕಾಂಡ ಬಿರೀತದೆ. ಲೈಟ್ ಆರಿಸಿ ಒಂದು ನಿಮಿಷ ನಿಂತೆ. ನನ್ನ ಉಸಿರು ರೆಪ್ಪೆ ಮೇಲೆ ಗಡ್ಡೆ ಕಟ್ಟಿ ಒಂದು ಕಣ್ಣು ತೆರೆಯೋಕೇ ಬರಲಿಲ್ಲ, ಕೈಯಿಂದ ಹಿಡಿದು ಕರಗಿಸಿದೆ. ಮೂರನೇ ಜಾಗ ದಾಟಿದ ಮೇಲೆ ವೇಕೆಮಪ್ ಅಂತ ಒಂದು ಗುಡ್ಡ, ಹೆಸರಿಗೆ ತಕ್ಕಂಗ ನಿದ್ದೆ ಬಿಡಿಸ್ತದೆ. ತಳ್ಳಿ ಹತ್ತಿದೆ. ಆ ವರ್ಷ ನಾನು ಏನೂ ಹೊಸದು ಕೊಂಡಿರಲಿಲ್ಲ. ಎರಡು ಅಂಗಿ ಕಡಿಮೆ ಹಾಕಿದ್ದೆ ಅಷ್ಟೇ.

ರೊವಾನಿಯೆಮಿ_ರಾಯರು · ಬುಧವಾರ ಬೆಳಿಗ್ಗೆ 10:05

ಫಿನ್ಲೆಂಡಿನಿಂದ ನಮಸ್ಕಾರ. ನಮ್ಮಲ್ಲೂ ಉತ್ತರ ಧ್ರುವವೃತ್ತದ ಹತ್ತಿರ ರೊವಾನಿಯೆಮಿ 150 ಅಂತ ನಡೆಯುತ್ತದೆ. ಕಾಡು, ಹೆಪ್ಪುಗಟ್ಟಿದ ಕೆರೆ, ನದಿ. ನಾನು ಓಡಿಲ್ಲ, ಬಿಸಿನೀರು ಕೊಡೋಕೆ ನಿಂತಿದ್ದೆ. ಒಂದು ಮಾತು ಸೇರಿಸುತ್ತೇನೆ: ಚಳಿಗಿಂತ ನೀರಿಗೆ ಹೆದರಿ. ಮಂಜುಗಡ್ಡೆಯ ಮೇಲೆ ಹಿಮದ ಭಾರ ಬಿದ್ದರೆ ಬಿರುಕಿನಿಂದ ನೀರು ಮೇಲಕ್ಕೆ ಉಕ್ಕುತ್ತದೆ. ಮೇಲೆ ಹಿಮ ಮುಚ್ಚಿರುವುದರಿಂದ ಕಾಣುವುದಿಲ್ಲ. ಚಕ್ರ ಒಳಗೆ ಹೋದಾಗಲೇ ಗೊತ್ತಾಗುವುದು. ಬೂಟು ಒದ್ದೆಯಾದರೆ ರೇಸು ಮುಗೀತು ಅಂತಲೇ.

ಉತ್ತರದ_ಗಾಳಿ · ಬುಧವಾರ ಬೆಳಿಗ್ಗೆ 10:30

ಅಲಾಸ್ಕಾದವರು ಅದಕ್ಕೆ ಓವರ್‌ಫ್ಲೋ ಅಂತಾರೆ ರಾಯರೇ. ಅಲ್ಲಿನ ಇಡಿಟರಾಡ್ ಟ್ರೇಲ್ ಇನ್ವಿಟೇಷನಲ್ ರೇಸಿಗೆ ಹೋಗುವವರು ಮೊಣಕಾಲಿನವರೆಗೆ ಏರಿಸೋ ಹಗುರ ನೀರುಬೂಟು ಹೊತ್ತುಕೊಂಡೇ ಹೋಗ್ತಾರೆ. ಅಲ್ಲಿ ನೋಮ್ ಊರಿನವರೆಗೆ ಹೋದರೆ 1000 ಮೈಲಿ. 2014ರಲ್ಲಿ ಜೆಫ್ ಓಟ್ಲಿ ಅದನ್ನು 10 ದಿನ ಚಿಲ್ಲರೆಯಲ್ಲಿ ಮುಗಿಸಿದರು. ಆ ವರ್ಷ ಹಿಮ ಕಡಿಮೆ, ಹಾದಿ ಗಟ್ಟಿ. ಹಿಮದ ರೇಸಿನಲ್ಲಿ ದಾಖಲೆ ಆಗೋದು ಹಿಮ ಕಡಿಮೆ ಇದ್ದಾಗ, ನೋಡ್ರಿ ತಮಾಷೆ.

ಕರಾವಳಿ_ಕಾಗೆ · ಬುಧವಾರ ಬೆಳಿಗ್ಗೆ 10:41

ಇಷ್ಟೆಲ್ಲ ಓದಿ ಇಲ್ಲಿ ಮಂಗಳೂರಿನ ಸೆಕೆಯಲ್ಲಿ ನನಗೆ ಚಳಿ ಆಯ್ತು. ಫ್ಯಾನ್ ಆರಿಸಿದೆ. ನಿಮ್ಮಿಂದ ಆದ ಮೊದಲ ಉಪಕಾರ.

ಸಕ್ಕರೆನಾಡು_ಸೈಕಲ್ · ಗುರುವಾರ ಬೆಳಿಗ್ಗೆ 7:15

ಮೇಷ್ಟ್ರೇ, ನಿನ್ನೆ ರಾತ್ರಿ ಒಂದು ಪ್ರಯೋಗ ಮಾಡಿದೆ. ಮನೆಯೊಳಗೆ ಸರಿಯಾಗಿ 8 ಹಾಕಿ ಸೈಕಲ್ಲನ್ನು ಬಾಲ್ಕನಿಯಲ್ಲಿ ಬಿಟ್ಟೆ. ಹೆಂಡತಿ ಕೇಳಿದಳು, ಸೈಕಲ್ ಜೊತೆ ಜಗಳ ಆಯ್ತಾ ಅಂತ. ಈಗ ನೋಡಿದೆ. 5.3 ತೋರಿಸ್ತಿದೆ, 4.9 ಅಲ್ಲ!

ಮೇಷ್ಟ್ರು_ತುಮಕೂರು · ಗುರುವಾರ ಬೆಳಿಗ್ಗೆ 7:21

ಹೊರಗೆ ಎಷ್ಟಿತ್ತು?

ಸಕ್ಕರೆನಾಡು_ಸೈಕಲ್ · ಗುರುವಾರ ಬೆಳಿಗ್ಗೆ 7:22

-17.

ಮೇಷ್ಟ್ರು_ತುಮಕೂರು · ಗುರುವಾರ ಬೆಳಿಗ್ಗೆ 7:26

ಹಾಗಾದರೆ 5.1 ಬರಬೇಕು. ಉಳಿದ 0.2 ನಿನ್ನ ಗೇಜಿನ ತಪ್ಪು. ನನ್ನದಲ್ಲ.

ಉತ್ತರದ_ಗಾಳಿ · ಗುರುವಾರ ಬೆಳಿಗ್ಗೆ 7:58

ಗಾಳಿ ಸರಿಮಾಡಿಕೊಂಡ್ರಿ, ಛಲೋ ಆಯ್ತು. ಈ ಶನಿವಾರ ಎಷ್ಟು ಅಂಗಿ?

ಸಕ್ಕರೆನಾಡು_ಸೈಕಲ್ · ಗುರುವಾರ ಬೆಳಿಗ್ಗೆ 8:03

ಎರಡು ಸಾರ್. ಜಾಕೆಟ್ ಚೀಲದಲ್ಲಿ. ಕೋಡುಬಳೆ ಪೋಗಿಯಲ್ಲಿ. ಆ ಅಜ್ಜಿ ಸಿಕ್ಕರೆ ಅಂತ ಹೆಸರನ್ನು ಒಂದು ಚೀಟಿಯಲ್ಲಿ ಬರೆದು ಇಟ್ಟುಕೊಂಡಿದ್ದೇನೆ, ಈ ಸಲ ತಾಳೆ ನೋಡಿಕೊಳ್ಳಲಿ.